ಸೀರೆಯ ಮೇಲಿನ ನಂಬರು, ಫೋನಿನೊಳಗಿನ ಮುದ್ರೆ

ಕಳೆದ ವರ್ಷ ನಮ್ಮಕ್ಕ ಫೋನಿನಲ್ಲಿ ‘ಮೈಸೂರು ಸಿಲ್ಕ್’ ಸೀರೆ ತರಿಸಿದಳು. ಬಂದದ್ದು ಪಾಲಿಯೆಸ್ಟರ್. ವಾಪಸ್ ಕಳಿಸೋಣವೆಂದರೆ ವಿಳಾಸ ಬೇರೆ ದೇಶದ್ದು, ಕಳಿಸುವ ಖರ್ಚೇ ಸೀರೆಯ ಬೆಲೆಗಿಂತ ಹೆಚ್ಚು. ಆ ವೆಬ್‌ಸೈಟಿನಲ್ಲಿ ‘ನೂರಕ್ಕೆ ನೂರು ಅಸಲಿ’ ಎಂಬ ದುಂಡನೆಯ ಮುದ್ರೆಯೂ ಇತ್ತು. ಟಿ. ನರಸೀಪುರದಲ್ಲೇ ರೇಷ್ಮೆ ಕಾರ್ಖಾನೆ ಇಟ್ಟುಕೊಂಡು ನಾವೇ ಮೋಸ ಹೋದೆವು.

ಹಾಗಾದರೆ ಜನ ಮುದ್ರೆಯನ್ನು ನಂಬುತ್ತಿದ್ದದ್ದು ಯಾಕೆ?

1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ತೆರೆದರು. ಅಲ್ಲಿಯ ಹಲ್ಲುಪುಡಿಗೆ ಊರಿನ ಹೆಸರೇ ಗುರುತಾಯಿತು. ಪೊಟ್ಟಣದ ಮೇಲಿನ ಹೆಸರಿನ ಹಿಂದೆ ಒಂದು ಬಾಗಿಲಿತ್ತು. ದೂರಿದ್ದರೆ ಹೋಗಿ ಕೇಳಬಹುದಿತ್ತು.

ರೇಷ್ಮೆಯ ಕತೆ ಅದಕ್ಕೂ ಒಂದು ವರ್ಷ ಹಿಂದಿನದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಸ್ವಿಟ್ಜರ್‌ಲೆಂಡಿನಿಂದ 32 ಮಗ್ಗ ತರಿಸಿ ಮೈಸೂರಿನ ರೇಷ್ಮೆ ಕಾರ್ಖಾನೆ ಶುರುವಾಯಿತು. 1980ರಲ್ಲಿ ಅದು ಕೆಎಸ್ಐಸಿ, ಅಂದರೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂತು. ಗೂಡಿನಿಂದ ನೂಲು ಬಿಚ್ಚುವ ಕೆಲಸ ನಮ್ಮ ಟಿ. ನರಸೀಪುರದಲ್ಲಿ, ನೇಯ್ಗೆ ಮೈಸೂರಿನಲ್ಲಿ.

ಇದರ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ನಕಲು ಹೆಚ್ಚಿದಾಗ ನಿಗಮ ಪ್ರತಿ ಸೀರೆಗೂ ಬೇರೆಬೇರೆ ನಂಬರನ್ನು ಕಸೂತಿ ಮಾಡಿಸಿ, ಹೊಲೊಗ್ರಾಂ ಹಾಕಿತು. 2004ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ‘ಸಿಲ್ಕ್ ಮಾರ್ಕ್’ ತಂತು. ಅದು ಹೇಳುವುದು ಅಪ್ಪಟ ರೇಷ್ಮೆ ಎಂದಷ್ಟೇ, ಮೈಸೂರಿನದು ಎಂದಲ್ಲ. ಮೈಸೂರಿನ ಹೆಸರನ್ನು ಕಾಯಲು ಜಿಐ ಟ್ಯಾಗ್ ಬಂತು. ನಮ್ಮ ರಸಬಾಳೆಗೂ ಅದು ಸಿಕ್ಕಿದೆ. ಆದರೆ ಭಾರತದ ಜಿಐ ನೋಂದಣಿ ನಡೆಯುವುದು ಭಾರತದೊಳಗೆ ಮಾತ್ರ. ಅಕ್ಕನ ಸೀರೆ ಹೊರಗಿನಿಂದ ಬಂದಿತ್ತು.

ದೂರದ ಅಂಗಡಿಯನ್ನು ನಂಬುವುದು ಹೇಗೆಂಬ ಪ್ರಶ್ನೆ ಬೇರೆ ದೇಶಗಳಿಗೂ ಬಂದಿತ್ತು. 1999ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ‘ಟ್ರಸ್ಟೆಡ್ ಶಾಪ್ಸ್’ ಹುಟ್ಟಿತು. ಆನ್‌ಲೈನ್ ಅಂಗಡಿಯನ್ನು ಪರಿಶೀಲಿಸಿ ಮುದ್ರೆ ಕೊಡುವುದು, ಮೋಸವಾದರೆ ಗ್ರಾಹಕರಿಗೆ ಹಣ ವಾಪಸಿನ ಖಾತ್ರಿ ನೀಡುವುದು ಅದರ ಕೆಲಸ. ಅಲ್ಲಿಯೂ ಮುದ್ರೆಗೆ ಬೆಲೆ ಬಂದದ್ದು ಹಿಂದೆ ಹೊಣೆ ಹೊರುವವರು ಇದ್ದುದರಿಂದ. ಬರೀ ಚಿತ್ರವನ್ನು ಯಾರು ಬೇಕಾದರೂ ಅಂಟಿಸಬಹುದು.

ನಮ್ಮಲ್ಲಿ 2020ರ ಇ-ಕಾಮರ್ಸ್ ನಿಯಮಗಳು ಭಾರತದ ಗ್ರಾಹಕರಿಗೆ ನಿಯಮಿತವಾಗಿ ಮಾರುವ ಹೊರದೇಶದ ಕಂಪನಿಗಳಿಗೂ ಅನ್ವಯಿಸುತ್ತವೆ. ದೂರು ಕೇಳುವ ಅಧಿಕಾರಿಯ ಹೆಸರು, ಸಂಪರ್ಕ ಹಾಕಿರಬೇಕು. ಆಮದು ವಸ್ತು ಯಾವ ದೇಶದ್ದೆಂದು ತಿಳಿಸಬೇಕು. ದೂರಿಗೆ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು.

ಆದ್ದರಿಂದ ದುಡ್ಡು ಹಾಕುವ ಮುಂಚೆ ಮೂರು ನೋಡಿ. ಮುದ್ರೆಯನ್ನು ಒತ್ತಿದರೆ ಅದನ್ನು ಕೊಟ್ಟ ಸಂಸ್ಥೆಯದೇ ಪುಟ ತೆರೆದು ಆ ಅಂಗಡಿಯ ಹೆಸರು ತೋರಿಸುತ್ತದೆಯೇ? ಮಾರುವವರ ಪೂರ್ತಿ ವಿಳಾಸ ಇದೆಯೇ? ವಾಪಸ್ ಕಳಿಸುವ ಖರ್ಚು ಯಾರದು? ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಅಕ್ಕನ ದುಡ್ಡು ವಾಪಸ್ ಬರಲಿಲ್ಲ. ನಷ್ಟ ಅವಳೊಬ್ಬಳದೇ ಅಲ್ಲ. ನಕಲಿಯೊಂದು ‘ಮೈಸೂರು ಸಿಲ್ಕ್’ ಹೆಸರಿನಲ್ಲಿ ಮಾರಾಟವಾದಾಗಲೆಲ್ಲ ಗೂಡು ಬೆಳೆದ ರೈತರಿಗೂ ನರಸೀಪುರದಲ್ಲಿ ನೂಲು ಬಿಚ್ಚಿದ ಕೈಗಳಿಗೂ ಬರಬೇಕಿದ್ದ ದುಡ್ಡು ಬೇರೆ ಕಡೆ ಹೋಗುತ್ತದೆ.