ಆಟದ ಕಲೆ, ಬಾಳಿನ ಕಲೆ



1986ರ ಜೂನ್ ತಿಂಗಳಲ್ಲಿ ಮೆಕ್ಸಿಕೋ ದೇಶದಲ್ಲಿ ನಡೆದ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳನ್ನು ದೂರದರ್ಶನ ನೇರ ಪ್ರಸಾರ ಮಾಡಿತು. ಅಲ್ಲಿ ನಡುಹಗಲಾದಾಗ ಇಲ್ಲಿ ನಡುರಾತ್ರಿ ಸಮೀಪಿಸುತ್ತಿತ್ತು. ನಮ್ಮ ದೇಶದ ಒಂದು ತಲೆಮಾರಿನ ಜನ ಡಿಯೆಗೊ ಮರಡೋನಾ ಎಂಬ ಹೆಸರನ್ನು ಕಲಿತದ್ದು ನಿದ್ದೆಗೆಟ್ಟ ಆ ರಾತ್ರಿಗಳಲ್ಲಿ. ಅರ್ಜೆಂಟೀನಾದ ನೀಲಿ-ಬಿಳಿ ಪಟ್ಟೆಯ ಹತ್ತನೆಯ ನಂಬರಿನ ಅಂಗಿಯನ್ನು ಇಂದು ನಿಮ್ಮಲ್ಲಿ ಹಲವರು ತೊಡುತ್ತೀರಿ. ಅದರ ಮೇಲೆ ಈಗ ಮೆಸ್ಸಿಯ ಹೆಸರಿರಬಹುದು. ಆ ನಂಬರಿಗೆ ಅಷ್ಟು ಬೆಲೆ ತಂದುಕೊಟ್ಟವನು ಮರಡೋನಾ.

2020ರ ನವೆಂಬರ್ 25ರಂದು ಆತ ತೀರಿಕೊಂಡಾಗ ನೆರೆಯ ಕೇರಳದ ಕ್ರೀಡಾ ಇಲಾಖೆ ಎರಡು ದಿನಗಳ ಶೋಕಾಚರಣೆ ಘೋಷಿಸಿತು. ಅದೇ ವಾರ ಸ್ಪೇನಿನಲ್ಲಿ ಒಬ್ಬ ಆಟಗಾರ್ತಿ ಆತನಿಗೆ ಮೌನಶ್ರದ್ಧಾಂಜಲಿ ಸಲ್ಲಿಸಲು ಒಪ್ಪದೆ ಬೆನ್ನು ತಿರುಗಿಸಿ ಕುಳಿತಳು. ಒಬ್ಬನೇ ಮನುಷ್ಯ, ಎರಡು ತೀರ್ಪು. ಅದ್ಭುತವಾಗಿ ಆಡಿದ, ಆದರೆ ಬಾಳಿನಲ್ಲಿ ಎಡವಿದ, ಇತರರನ್ನೂ ನೋಯಿಸಿದ ಪರದೇಶದ ಆಟಗಾರನನ್ನು ಅಭಿಮಾನಿಗಳು ಗೌರವಿಸಬೇಕೇ? ಈ ಪ್ರಶ್ನೆಯನ್ನು ಇತಿಹಾಸದ ಬೆಳಕಿನಲ್ಲಿ ನೋಡೋಣ.

ಗೌತಮಪುರದ ಪ್ರತಿಮೆ

ಫುಟ್‌ಬಾಲ್ ಅಭಿಮಾನವೆಂದರೆ ಬಂಗಾಳ, ಕೇರಳ, ಗೋವಾಗಳ ಸೊತ್ತು ಎಂಬ ಭಾವನೆ ಇದೆ. ಕರ್ನಾಟಕಕ್ಕೂ ದೊಡ್ಡ ಪರಂಪರೆಯಿದೆ. ಹಿಂದಿನ ಮೈಸೂರು ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು. 1968-69ರ ಆ ನಾಲ್ಕನೆಯ ಗೆಲುವಿನ ನಂತರ 54 ವರ್ಷ ಕಾದು, 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಆ ಟ್ರೋಫಿಯನ್ನು ತಂದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 2-1ರಿಂದ ಸೋತ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್.

ಈ ಪರಂಪರೆಯ ಒಂದು ತವರು ಬೆಂಗಳೂರಿನ ಹಲಸೂರು ಬಳಿಯ ಗೌತಮಪುರ. ಶ್ರಮಿಕರ ಕಿರಿದಾದ ಬೀದಿಗಳ ಆ ಬಡಾವಣೆ ಅನೇಕ ಆಟಗಾರರನ್ನು ದೇಶಕ್ಕೆ ಕೊಟ್ಟಿದೆ. ಅಲ್ಲಿ ಬುದ್ಧ, ಡಾ. ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆಗೆ ಬ್ರೆಜಿಲ್ ದೇಶದ ಪೆಲೆಯ ಪ್ರತಿಮೆಯೂ ನಿಂತಿದೆ. ಬಡತನದಲ್ಲಿ ಹುಟ್ಟಿದ ಕಪ್ಪು ಹುಡುಗನೊಬ್ಬ ಕಾಲಿನ ಕೌಶಲದಿಂದಲೇ ಜಗತ್ತನ್ನು ಗೆದ್ದ ಕಥೆ ಆ ಬೀದಿಯ ಮಕ್ಕಳಿಗೆ ಏನು ಹೇಳುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಆದರೆ ಪೆಲೆಯ ಬಾಳೂ ಕಲೆಯಿಲ್ಲದ ಬಾಳಲ್ಲ. ಬ್ರೆಜಿಲ್‌ನಲ್ಲಿ 1964ರಿಂದ 1985ರವರೆಗೆ ಸೈನಿಕ ಸರ್ವಾಧಿಕಾರವಿತ್ತು. 1970ರ ವಿಶ್ವಕಪ್ ಗೆಲುವನ್ನು ಆ ಸರ್ಕಾರ ತನ್ನ ಪ್ರಚಾರಕ್ಕೆ ಬಳಸಿಕೊಂಡಿತು. ಪೆಲೆ ಅದರ ವಿರುದ್ಧ ದನಿಯೆತ್ತಲಿಲ್ಲವೆಂಬ ಟೀಕೆ ಆತನ ಜೊತೆಗೇ ಉಳಿಯಿತು. ತಾನು ಆತನ ಮಗಳೆಂದು ಸಾಬೀತುಪಡಿಸಲು ಒಬ್ಬ ಹೆಣ್ಣುಮಗಳು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯಬೇಕಾಯಿತು. ಗೆದ್ದದ್ದು ಆಕೆಯೇ. ಸಭ್ಯನೆಂದೇ ಹೆಸರಾದ ಪೆಲೆಯ ಕಥೆ ಹೀಗಾದರೆ, ಮರಡೋನಾನ ಕಥೆ ಇನ್ನೂ ಜಟಿಲ.

ಒಂದೇ ಪಂದ್ಯ, ಎರಡು ಗೋಲು

ಮರಡೋನಾ ಹುಟ್ಟಿದ್ದು 1960ರ ಅಕ್ಟೋಬರ್ 30ರಂದು. ಬೆಳೆದದ್ದು ಬ್ಯೂನಸ್ ಐರಿಸ್ ನಗರದಂಚಿನ ವಿಯಾ ಫಿಯೊರಿತೊ ಎಂಬ ಕಡುಬಡವರ ಬಡಾವಣೆಯಲ್ಲಿ. ಹದಿನಾರು ತುಂಬುವ ಮೊದಲೇ ಅರ್ಜೆಂಟೀನಾದ ಮೊದಲ ದರ್ಜೆಯ ಲೀಗ್‌ನಲ್ಲಿ ಆಡಿದ.

1986ರ ಜೂನ್ 22ರಂದು ಇಂಗ್ಲೆಂಡ್ ವಿರುದ್ಧ ಕ್ವಾರ್ಟರ್ ಫೈನಲ್. ನಾಲ್ಕೇ ವರ್ಷಗಳ ಹಿಂದೆ ಫಾಕ್‌ಲೆಂಡ್ ದ್ವೀಪಗಳಿಗಾಗಿ ಈ ಎರಡು ದೇಶಗಳ ನಡುವೆ ಯುದ್ಧ ನಡೆದು 649 ಮಂದಿ ಅರ್ಜೆಂಟೀನಾದವರು, 255 ಮಂದಿ ಬ್ರಿಟಿಷರು ಸತ್ತಿದ್ದರು. ಹೀಗಾಗಿ ಅದು ಬರೀ ಆಟವಾಗಿ ಉಳಿದಿರಲಿಲ್ಲ. ಪಂದ್ಯದ 51ನೆಯ ನಿಮಿಷದಲ್ಲಿ ಮರಡೋನಾ ಗೋಲ್‌ಕೀಪರ್ ಶಿಲ್ಟನ್‌ಗಿಂತ ಮೇಲೆ ಹಾರಿ, ಚೆಂಡನ್ನು ಎಡಗೈಯಿಂದ ತಳ್ಳಿ ಗೋಲು ಮಾಡಿದ. ಟ್ಯುನಿಷಿಯಾದ ರೆಫರಿ ಅಲಿ ಬಿನ್ ನಾಸರ್ ಅದನ್ನು ಕಾಣಲಿಲ್ಲ, ಗೋಲು ಎಂದರು. ಅದಾದ ನಾಲ್ಕು ನಿಮಿಷಕ್ಕೆ ಆತ ತನ್ನ ತಂಡದ ಅರ್ಧಭಾಗದಲ್ಲಿ ಚೆಂಡು ಪಡೆದು, ಎದುರಾದ ಇಂಗ್ಲಿಷ್ ಆಟಗಾರರನ್ನು ಒಬ್ಬೊಬ್ಬರನ್ನಾಗಿ ದಾಟಿ, ಕೊನೆಗೆ ಗೋಲ್‌ಕೀಪರನನ್ನೂ ವಂಚಿಸಿ ಚೆಂಡನ್ನು ಬಲೆಗೆ ಸೇರಿಸಿದ. 2002ರಲ್ಲಿ ಫಿಫಾ ನಡೆಸಿದ ಮತದಾನದಲ್ಲಿ ಅದು ಶತಮಾನದ ಗೋಲು ಎನಿಸಿಕೊಂಡಿತು. ಅರ್ಜೆಂಟೀನಾ 2-1ರಿಂದ ಗೆದ್ದಿತು; ಮುಂದೆ ಪಶ್ಚಿಮ ಜರ್ಮನಿಯನ್ನು 3-2ರಿಂದ ಸೋಲಿಸಿ ವಿಶ್ವಕಪ್ಪನ್ನೂ ಗೆದ್ದಿತು.

ಮೊದಲ ಗೋಲು ಮೋಸ, ಎರಡನೆಯದು ಕಲೆ. ಎರಡೂ ಒಂದೇ ಮೈದಾನದಲ್ಲಿ, ಒಬ್ಬನೇ ಆಟಗಾರನಿಂದ, ನಾಲ್ಕು ನಿಮಿಷಗಳ ಅಂತರದಲ್ಲಿ ಬಂದವು. ಮೊದಲನೆಯದನ್ನು ಆತ 'ದೇವರ ಕೈ' ಎಂದು ಕರೆದು ಜಗತ್ತನ್ನು ನಗಿಸಿದ. ಅದು ಮೋಸವೇ ಎಂಬುದು ಮಾತ್ರ ಬದಲಾಗುವುದಿಲ್ಲ.

ಇಟಲಿಯ ನೇಪಲ್ಸ್ ನಗರ ಆತನನ್ನು ಎದೆಯಲ್ಲಿಟ್ಟುಕೊಂಡ ಕಾರಣವೇ ಬೇರೆ. ಉತ್ತರದ ಶ್ರೀಮಂತ ನಗರಗಳು ದಕ್ಷಿಣದ ಬಡ ನೇಪಲ್ಸನ್ನು ಹೀಗಳೆಯುತ್ತಿದ್ದವು. 1984ರಲ್ಲಿ ಮರಡೋನಾ ಅಲ್ಲಿನ ನಾಪೊಲಿ ಕ್ಲಬ್ ಸೇರಿದ. ಅದುವರೆಗೆ ಒಮ್ಮೆಯೂ ಲೀಗ್ ಗೆಲ್ಲದಿದ್ದ ಆ ಕ್ಲಬ್ 1987ರಲ್ಲಿ, ಮತ್ತೆ 1990ರಲ್ಲಿ ಇಟಲಿಯ ಚಾಂಪಿಯನ್ ಆಯಿತು. ಆತ ಸತ್ತ ಕೆಲವೇ ದಿನಗಳಲ್ಲಿ ಆ ನಗರ ತನ್ನ ಕ್ರೀಡಾಂಗಣಕ್ಕೆ ಆತನ ಹೆಸರಿಟ್ಟಿತು.

ಬೆಲೆ ತೆತ್ತವರು ಯಾರು?

1991ರಲ್ಲಿ ಕೊಕೇನ್ ಸೇವನೆ ಪತ್ತೆಯಾಗಿ ಮರಡೋನಾನಿಗೆ 15 ತಿಂಗಳ ನಿಷೇಧ ಬಿತ್ತು. 1994ರ ವಿಶ್ವಕಪ್‌ನಲ್ಲಿ ನಿಷೇಧಿತ ಎಫಿಡ್ರಿನ್ ಪತ್ತೆಯಾಗಿ ಆತನನ್ನು ನಡುವೆಯೇ ಮನೆಗೆ ಕಳಿಸಲಾಯಿತು. 2001ರ ನವೆಂಬರ್‌ನಲ್ಲಿ ಬ್ಯೂನಸ್ ಐರಿಸ್‌ನ ಬೋಕಾ ಜೂನಿಯರ್ಸ್ ಮೈದಾನದಲ್ಲಿ ವಿದಾಯ ಹೇಳುವಾಗ ಆತ ಆಡಿದ ಮಾತು ಪ್ರಸಿದ್ಧ: ನಾನು ತಪ್ಪು ಮಾಡಿದೆ, ಅದಕ್ಕೆ ಬೆಲೆ ತೆತ್ತೆ, ಆದರೆ ಚೆಂಡಿಗೆ ಕಲೆ ಅಂಟುವುದಿಲ್ಲ.

ಮನಮುಟ್ಟುವ ಮಾತು. ಆದರೂ ಇತಿಹಾಸದ ವಿದ್ಯಾರ್ಥಿ ಇಲ್ಲಿ ನಿಂತು ಕೇಳಬೇಕು: ಬೆಲೆ ತೆತ್ತವನು ಅವನೊಬ್ಬನೇ?

ಮರಡೋನಾನ ತಪ್ಪುಗಳನ್ನೆಲ್ಲ ಒಂದೇ ಗಂಟು ಕಟ್ಟಬಾರದು. ಕೈಯಿಂದ ಹೊಡೆದ ಗೋಲು ಆಟದೊಳಗಿನ ತಪ್ಪು. ಆಟದ ನಿಯಮದಲ್ಲೇ ಅದನ್ನು ಅಳೆಯಬಹುದು. ಮಾದಕ ವ್ಯಸನ ಬಹುಮಟ್ಟಿಗೆ ತನಗೆ ತಾನೇ ಮಾಡಿಕೊಂಡ ಕೇಡು; ಅದನ್ನು ಇಂದು ರೋಗವೆಂದು ತಿಳಿಯುತ್ತೇವೆ, ಅದಕ್ಕೆ ಬೇಕಾದದ್ದು ಚಿಕಿತ್ಸೆ, ಅನುಕಂಪ. ಮೂರನೆಯದು ಇತರರಿಗೆ ಮಾಡಿದ ಕೇಡು. 1994ರಲ್ಲಿ ತನ್ನ ಮನೆಯ ಮುಂದೆ ಸೇರಿದ್ದ ಪತ್ರಕರ್ತರ ಮೇಲೆ ಏರ್ ರೈಫಲ್‌ನಿಂದ ಗುಂಡು ಹಾರಿಸಿ ಗಾಯಗೊಳಿಸಿದ; ಶಿಕ್ಷೆಯಾಯಿತು, ಆದರೆ ಅದನ್ನು ಅಮಾನತಿನಲ್ಲಿಡಲಾಯಿತು. ಇಟಲಿಯಲ್ಲಿ ಹುಟ್ಟಿದ ತನ್ನ ಮಗನನ್ನು, ನ್ಯಾಯಾಲಯ ಹೇಳಿದ ಮೇಲೂ ವರ್ಷಗಟ್ಟಲೆ ಮಗನೆಂದು ಒಪ್ಪಲಿಲ್ಲ. ಒಪ್ಪಿದ್ದು 2016ರಲ್ಲಿ, ಮಗನಿಗೆ 29 ವರ್ಷವಾಗಿದ್ದಾಗ. ಇವು ದಾಖಲಾದ ಸಂಗತಿಗಳು.

ಇವುಗಳಾಚೆಗೆ ಆರೋಪಗಳಿವೆ. 2014ರಲ್ಲಿ ಸಂಗಾತಿಯ ಮೇಲೆ ಕೈ ಮಾಡಿದನೆಂಬ ಆರೋಪ ಒಂದು ವಿಡಿಯೋ ಸಹಿತ ಹೊರಬಂತು. ಹೊಡೆದಿಲ್ಲವೆಂದು ಆತ ಹೇಳಿದ. ತನಗೆ 16 ವರ್ಷವಾಗಿದ್ದಾಗ ಆತ ತನ್ನ ಮೇಲೆ ಅತ್ಯಾಚಾರವೆಸಗಿದನೆಂದು ಕ್ಯೂಬಾದ ಮಹಿಳೆಯೊಬ್ಬಳು 2021ರಲ್ಲಿ ಬಹಿರಂಗವಾಗಿ ಹೇಳಿದಳು. ಆಗ ಉತ್ತರಿಸಲು ಆತ ಬದುಕಿರಲಿಲ್ಲ. ಸಾಬೀತಾದದ್ದನ್ನೂ ಆರೋಪವನ್ನೂ ಬೆರೆಸಬಾರದು. ಆರೋಪವೆಂಬ ಕಾರಣಕ್ಕೆ ಕಿವಿ ಮುಚ್ಚಿಕೊಳ್ಳಲೂ ಬಾರದು. ಇತಿಹಾಸ ಬರೆಯುವವನ ಶಿಸ್ತು ಇದೇ.

ಸ್ಪೇನಿನ ಆ ಆಟಗಾರ್ತಿ ಪೌಲಾ ಡಪೆನಾ ಎತ್ತಿದ್ದು ಈ ಮೂರನೆಯ ಬಗೆಯ ಪ್ರಶ್ನೆಯನ್ನು. ನವೆಂಬರ್ 25 ಮಹಿಳೆಯರ ಮೇಲಿನ ಹಿಂಸೆಯನ್ನು ತೊಡೆದುಹಾಕಲು ವಿಶ್ವಸಂಸ್ಥೆ ಗೊತ್ತುಮಾಡಿದ ದಿನ. ಮರಡೋನಾ ತೀರಿಕೊಂಡದ್ದೂ ಅದೇ ದಿನ. ಹಿಂಸೆಗೆ ಬಲಿಯಾದವರಿಗಾಗಿ ಅಂದು ಮೌನ ಆಚರಿಸದವರು ಈತನಿಗಾಗಿ ಆಚರಿಸಿರೆಂದರೆ ತಾನು ಆಚರಿಸುವುದಿಲ್ಲ ಎಂಬುದು ಆಕೆಯ ನಿಲುವಾಗಿತ್ತು. ಅದಕ್ಕಾಗಿ ಆಕೆಗೆ ಕೊಲೆ ಬೆದರಿಕೆಗಳು ಬಂದವು. ಒಬ್ಬ ಆಟಗಾರನ ಮೇಲಿನ ಪ್ರೀತಿ ಇನ್ನೊಬ್ಬ ಆಟಗಾರ್ತಿಗೆ ಕೊಲೆ ಬೆದರಿಕೆಯಾಗಿ ಮುಟ್ಟಿತೆಂದರೆ ಅದನ್ನು ಗೌರವ ಎನ್ನಲಾಗದು. ಅದು ಕುರುಡು ಭಕ್ತಿ.

ಕೊಂಡಜ್ಜಿಯಲ್ಲಿ ಇದೇ ಪ್ರಶ್ನೆ

ಬೇರೆಯವರ ನಾಯಕನನ್ನು ತೂಗುವುದು ಸುಲಭ. ನಾವೇ ಕೈಯೆತ್ತಿ ವಂದಿಸುವವರನ್ನು ಅದೇ ತಕ್ಕಡಿಯಲ್ಲಿ ತೂಗಿದಾಗ ನಮ್ಮ ಪ್ರಾಮಾಣಿಕತೆ ಗೊತ್ತಾಗುತ್ತದೆ. ಆದ್ದರಿಂದ ಒಂದು ಗಳಿಗೆ ಫುಟ್‌ಬಾಲ್ ಮೈದಾನವನ್ನು ಬಿಟ್ಟು ಹರಿಹರ ತಾಲ್ಲೂಕಿನ ಕೊಂಡಜ್ಜಿಗೆ ಬನ್ನಿ.

ಕೆರೆ, ಗುಡ್ಡ, ಕಾಡುಗಳ ನಡುವಿನ ಕೊಂಡಜ್ಜಿ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರಗಳಿಗೆ ಹೆಸರಾದ ಊರು. ಈ ಊರಿನವರೇ ಆದ ಕೊಂಡಜ್ಜಿ ಬಸಪ್ಪನವರು 1977ರಲ್ಲಿ ದಾವಣಗೆರೆಯಿಂದ ಲೋಕಸಭೆಗೆ ಆಯ್ಕೆಯಾದವರು. ನಮ್ಮ ನಾಡಿನ ಸ್ಕೌಟ್ ಚಳವಳಿಯ ಹಿರಿಯರು. ಡೇರೆ ಹಾಕುವುದು, ಗಂಟು ಬಿಗಿಯುವುದು, ಪ್ರಥಮ ಚಿಕಿತ್ಸೆ ಇವನ್ನೆಲ್ಲ ಮಕ್ಕಳು ಇಲ್ಲಿ ಕಲಿಯುತ್ತಾರೆ. ಈ ಶಿಕ್ಷಣವನ್ನು ರೂಪಿಸಿದವರೂ ಒಬ್ಬ ಪರದೇಶದವರು, ಬೇಡನ್ ಪೊವೆಲ್. 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದ ಅವರ ಜನ್ಮದಿನವಾದ ಫೆಬ್ರವರಿ 22 ಸ್ಕೌಟುಗಳಿಗೂ ಗೈಡುಗಳಿಗೂ ವಿಶೇಷ ದಿನ.

ಅವರು ಬ್ರಿಟಿಷ್ ಸಾಮ್ರಾಜ್ಯದ ಸೇನಾಧಿಕಾರಿಯೂ ಆಗಿದ್ದರು. 1896ರಲ್ಲಿ ಇಂದಿನ ಜಿಂಬಾಬ್ವೆಯಲ್ಲಿ, ಬ್ರಿಟಿಷರ ವಿರುದ್ಧ ಎದ್ದು ಸೆರೆಸಿಕ್ಕ ಉವಿನಿ ಎಂಬ ಮುಖಂಡನನ್ನು ಸೈನಿಕ ನ್ಯಾಯದಂತೆ ಗುಂಡಿಕ್ಕಿ ಕೊಲ್ಲಿಸಿದರು. ಆ ಬಗ್ಗೆ ತನಿಖೆ ನಡೆದು ಅವರು ದೋಷಮುಕ್ತರಾದರು, ಆದರೆ ಪ್ರಶ್ನೆ ಉಳಿಯಿತು. 2020ರ ಜೂನ್‌ನಲ್ಲಿ ಇಂಗ್ಲೆಂಡಿನ ಪೂಲ್ ಬಂದರಿನಲ್ಲಿರುವ ಅವರ ಪ್ರತಿಮೆಯನ್ನು ತಾತ್ಕಾಲಿಕವಾಗಿ ತೆಗೆಯುವ ಮಾತು ಬಂದಾಗ, ಅಭಿಮಾನಿಗಳು ಅಡ್ಡ ನಿಂತರು. ಪ್ರತಿಮೆಗೆ ಕೆಲಕಾಲ ಹಲಗೆ ಹೊಡೆಯಲಾಯಿತು. ನಮ್ಮ ದೇಶದ ಮೊದಲ ಸ್ಕೌಟ್ ದಳ 1909ರಲ್ಲಿ ಬೆಂಗಳೂರಿನಲ್ಲೇ ಆರಂಭವಾದರೂ, ಆಗಿನ ದಳಗಳಲ್ಲಿ ಭಾರತೀಯ ಮಕ್ಕಳಿಗೆ ಜಾಗವಿರಲಿಲ್ಲ. ಆನಿ ಬೆಸೆಂಟ್ ಮೊದಲಾದವರು ನಮ್ಮ ಮಕ್ಕಳಿಗಾಗಿ ಬೇರೆ ಸಂಘ ಕಟ್ಟಬೇಕಾಯಿತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಸಂಸ್ಥೆಯಾಯಿತು.

ಇಲ್ಲಿ ನಮ್ಮ ಹಿರಿಯರು ಏನು ಮಾಡಿದರೆಂಬುದನ್ನು ಗಮನಿಸಿ. ಸಾಮ್ರಾಜ್ಯವನ್ನು ತಿರಸ್ಕರಿಸಿದರು, ಡೇರೆಯನ್ನೂ ಗಂಟನ್ನೂ ಸೇವಾಭಾವವನ್ನೂ ಉಳಿಸಿಕೊಂಡರು. ಕಾಳು ಆರಿಸಿ ಜೊಳ್ಳು ತೂರುವ ಕೆಲಸ ಅದು.

ಹಾಗಾದರೆ ಉತ್ತರವೇನು?

ಮರಡೋನಾನ ವಿಷಯದಲ್ಲೂ ದಾರಿ ಇದೇ. ಯಾವುದಕ್ಕಾಗಿ ಗೌರವ ಎಂಬುದನ್ನು ಹೆಸರಿಟ್ಟು ಹೇಳಬೇಕು. ಆ ಎರಡನೆಯ ಗೋಲಿಗೆ, ತಾತ್ಸಾರಕ್ಕೆ ಗುರಿಯಾದ ಒಂದು ನಗರ ತಲೆಯೆತ್ತುವಂತೆ ಮಾಡಿದ ಆಟಕ್ಕೆ ಎಂದರೆ ಯಾರೂ ತಕರಾರು ಮಾಡಲಾರರು. 'ಆತ ದೇವರು' ಎಂದರೆ ತೊಡಕು ಅಲ್ಲೇ ಶುರು. ದೇವರಾದವನ ತಪ್ಪನ್ನು ಯಾರೂ ಎತ್ತಿ ಹೇಳುವಂತಿಲ್ಲ. ನೊಂದವರ ಮಾತು ಆಗ ದೈವನಿಂದೆಯಾಗಿಬಿಡುತ್ತದೆ. ನಾವು ಕೊಡುವ ಗೌರವ ಇನ್ನೊಬ್ಬರ ಬಾಯಿ ಮುಚ್ಚಿಸುವುದಾದರೆ ಅದನ್ನು ಅಲ್ಲಿಗೇ ನಿಲ್ಲಿಸಬೇಕು.

ಗೌರವಕ್ಕೂ ಮೆಟ್ಟಿಲುಗಳಿವೆ. ಆಟದ ಚಿತ್ರ ನೋಡಿ ಕಲಿಯುವುದು ಒಂದು, ಅಂಗಿ ತೊಡುವುದು ಇನ್ನೊಂದು, ಊರಿನ ಹಣದಿಂದ ಪ್ರತಿಮೆ ನಿಲ್ಲಿಸುವುದು ಮತ್ತೊಂದು. ಮೊದಲನೆಯದಕ್ಕೆ ಯಾರ ಅಪ್ಪಣೆಯೂ ಬೇಡ. ಊರಿನ ಹೆಸರಿನಲ್ಲಿ ಪ್ರತಿಮೆ ನಿಲ್ಲಿಸುವಾಗ ಮಾತ್ರ ಊರಿನ ಎಲ್ಲರನ್ನೂ, ಮುಖ್ಯವಾಗಿ ಹೆಣ್ಣುಮಕ್ಕಳನ್ನು, ಕೇಳಬೇಕು. ಜೊತೆಗೆ ಸಾರಂಗಪಾಣಿ ರಾಮನ್ ಅವರಂತಹ ನಮ್ಮವರಿಗೆ ಎಷ್ಟು ಜಾಗ ಕೊಟ್ಟಿದ್ದೇವೆ ಎಂದೂ ಕೇಳಿಕೊಳ್ಳಬೇಕು.

ಚೆಂಡಿಗೆ ಕಲೆ ಅಂಟುವುದಿಲ್ಲ ಎಂದ ಮರಡೋನಾನ ಮಾತು ಅರ್ಧ ನಿಜ. ಚೆಂಡು ಶುಭ್ರವಾಗಿಯೇ ಉಳಿಯಬಹುದು. ಆದರೆ ಅದನ್ನು ಆಡಿದವನ ಲೆಕ್ಕವನ್ನು ಅದು ತೀರಿಸಲಾರದು. ಹತ್ತನೆಯ ನಂಬರಿನ ಅಂಗಿಯನ್ನು ನೀವು ಸಂತೋಷದಿಂದಲೇ ತೊಡಿ. ತಮ್ಮನೋ ತಂಗಿಯೋ 'ಯಾರವನು?' ಎಂದು ಕೇಳಿದರೆ, ಎರಡನೆಯ ಗೋಲಿನ ಕಥೆಯ ಜೊತೆಗೆ ಮೊದಲ ಗೋಲಿನ ಕಥೆಯನ್ನೂ, 29 ವರ್ಷ ಕಾದ ಮಗನ ಕಥೆಯನ್ನೂ ಹೇಳಿ.