ಅಂಕಿತವಿಲ್ಲದ ಹಾಡುಗಳು

ಮಯೂರವರ್ಮನು ಬನವಾಸಿಯಲ್ಲಿ ಕದಂಬ ಸಿಂಹಾಸನವನ್ನು ಸ್ಥಾಪಿಸಿದ ನಾಲ್ಕನೆಯ ಶತಮಾನದಿಂದ ಮೊದಲ್ಗೊಂಡು ಈ ಸಹ್ಯಾದ್ರಿಯ ಮಡಿಲು ಎಷ್ಟೋ ರಾಜ್ಯಗಳ ಉದಯವನ್ನೂ ಅಸ್ತವನ್ನೂ ಕಂಡಿದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಳುಮೆಣಸಿನ ವೈಭವ ಪೋರ್ಚುಗೀಸರ ಕಣ್ಣನ್ನೂ ಕೋರೈಸಿತು. ಸೋದೆಯಲ್ಲಿ ಅರಸಪ್ಪನಾಯಕನ ವಂಶ ಎರಡು ಶತಮಾನಗಳ ಕಾಲ ಘಟ್ಟದ ದಾರಿಗಳನ್ನು ಕಾಯಿತು. ಅದೇ ಸೋದೆಯಲ್ಲಿ ವಾದಿರಾಜರು ಹಯವದನ ಎಂಬ ಅಂಕಿತದಲ್ಲಿ ಕೀರ್ತನೆಗಳನ್ನು ಹಾಡಿದರು, ಸದಾಶಿವರಾಯನೆಂಬ ದೊರೆ ಸ್ವತಃ ಸ್ವರವಚನಗಳನ್ನು ರಚಿಸಿದನು. ಹೈದರಾಲಿಯ ದಂಡು ಘಟ್ಟವೇರಿ ಬಂದ 1764ರ ಹೊತ್ತಿಗೆ ಆ ಸಂಸ್ಥಾನದ ಆಯುಷ್ಯ ತೀರಿತು. ಅರಸನು ಗೋವೆಯ ಪೋರ್ಚುಗೀಸರ ಆಶ್ರಯಕ್ಕೆ ತೆರಳಿದನು. ಕೋಟೆ ಕುಸಿಯಿತು, ಕೀರ್ತನೆ ಉಳಿಯಿತು. ವಾನಳ್ಳಿಯಿಂದ ಯಲ್ಲಾಪುರದವರೆಗೆ ಈ ಕಾಡು, ಬೆಟ್ಟ, ತೋಟಗಳ ನಡುವೆ ಬಾಳುವ ನಾವು ಆ ಕೋಟೆಗೂ ಆ ಕೀರ್ತನೆಗೂ ಸಮಾನ ವಾರಸುದಾರರು.

ಆದರೆ ನಮ್ಮ ದಾಯಭಾಗದಲ್ಲಿ ಇನ್ನೊಂದು ಪರಂಪರೆಯೂ ಇದೆ. ಯಾವ ಶಾಸನವೂ ಅದನ್ನು ಬರೆದಿಟ್ಟಿಲ್ಲ. 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ಚುಗೀಸರು ಪೂರ್ವ ಆಫ್ರಿಕದ ಕರಾವಳಿಯಿಂದ, ವಿಶೇಷವಾಗಿ ಮೊಜಾಂಬಿಕ್‌ನಿಂದ, ಸಂಕೋಲೆ ತೊಡಿಸಿದ ಮನುಷ್ಯರನ್ನು ಹಡಗುಗಳಲ್ಲಿ ತುಂಬಿ ತಂದರು. ದಾಸ್ಯವನ್ನು ಸಹಿಸದ ಧೀರರು ತಲೆಮಾರಿನಿಂದ ತಲೆಮಾರಿಗೆ ಗೋವೆಯ ಗಡಿ ದಾಟಿ ನಮ್ಮ ಅರಣ್ಯಗಳಿಗೆ ತಪ್ಪಿಸಿಕೊಂಡು ಬಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ದಟ್ಟ ಕಾಡಿನಲ್ಲಿ ನೆಲೆಯೂರಿದರು. ಅವರೇ ನಮ್ಮ ಸಿದ್ದಿಗಳು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ; ಢಮಾಮಿ ಎಂಬ ಅವರ ವಾದ್ಯದ ಚರ್ಮಕ್ಕೆ ಕೈ ತಾಗಿದಾಗ ಮೂರೂ ಮತಗಳ ಹೆಜ್ಜೆ ಒಂದಾಗುತ್ತದೆ. ನಮ್ಮ ಅಡಕೆ ತೋಟಗಳ ಸಿರಿಯಲ್ಲಿ ಅವರ ಬೆವರು ಬೆರೆತಿದೆ, ಆ ಬೆವರಿಗೆ ತಕ್ಕ ಬೆಲೆ ಬಹುಕಾಲ ದೊರೆಯಲಿಲ್ಲ. ಪೂರ್ವಿಕರ ಕೀರ್ತಿಯನ್ನು ಸ್ವೀಕರಿಸುವವರು ಅವರ ಋಣವನ್ನೂ ಸ್ವೀಕರಿಸಬೇಕು. ಕಿತ್ತೂರಿನ ಸಂಗ್ರಾಮದಲ್ಲಿ ಸಂಗೊಳ್ಳಿ ರಾಯಣ್ಣನ ಸಂಗಡಿಗನಾಗಿದ್ದ ಸಿದ್ದಿ ವೀರ ಗಜವೀರನನ್ನು ಈ ನಾಡಿನ ಜನ ಇಂದಿಗೂ ನೆನೆಯುತ್ತಾರೆ. ವೀರನ ಹೆಸರು ಉಳಿಯಿತು. ಅವನ ಕುಲದ ಹಾಡು ಕಟ್ಟಿದ ಹೆಂಗಸರ ಹೆಸರು ಉಳಿಯಲಿಲ್ಲ.

ಅದೇ ಶತಮಾನಗಳಲ್ಲಿ ಅದೇ ಆಫ್ರಿಕದ ಪಶ್ಚಿಮ ತೀರದಿಂದ ಹೊರಟ ಹಡಗುಗಳು ಅಟ್ಲಾಂಟಿಕ್ ದಾಟಿ ಅಮೆರಿಕವನ್ನು ಮುಟ್ಟಿದವು. ಅಲ್ಲಿನ ಹತ್ತಿಯ ಹೊಲಗಳಲ್ಲಿ ಭಕ್ತಿಯೂ ದುಃಖವೂ ಕೂಡಿ ಗಾನವಾಯಿತು. ಭಕ್ತಿಯ ಧಾರೆ ಮುಂದೆ ಗಾಸ್ಪೆಲ್ ಎನಿಸಿತು, ದುಃಖದ ಧಾರೆ ಬ್ಲೂಸ್ ಎನಿಸಿತು. 1871ರಲ್ಲಿ ಫಿಸ್ಕ್ ವಿದ್ಯಾಲಯದ ಗಾಯಕವೃಂದ, ಬಹುಪಾಲು ದಾಸ್ಯದಿಂದ ಬಿಡುಗಡೆಗೊಂಡವರೇ, ಆ ಭಕ್ತಿಗೀತೆಗಳನ್ನು ಹೊತ್ತು ದೇಶಸಂಚಾರಕ್ಕೆ ಹೊರಟಿತು. 1927ರಲ್ಲಿ ಬ್ಲೈಂಡ್ ವಿಲ್ಲಿ ಜಾನ್ಸನ್ ಎಂಬ ಅಂಧ ಗಾಯಕ ಡಲ್ಲಾಸ್ ನಗರದಲ್ಲಿ ತನ್ನ ದೈವಗೀತೆಗಳನ್ನು ಧ್ವನಿಮುದ್ರಿಸಿದನು. ಅವನು 1945ರಲ್ಲಿ ಕಡುಬಡತನದಲ್ಲಿ ಮಡಿದನು. 1977ರಲ್ಲಿ ಅವನ ಕಂಠವನ್ನು ಸುವರ್ಣ ಫಲಕದಲ್ಲಿ ಹೊತ್ತ ವಾಯೇಜರ್ ನೌಕೆ ಅಂತರಿಕ್ಷಕ್ಕೆ ಏರಿತು. ಅದೇ ಫಲಕದಲ್ಲಿ ನಮ್ಮ ನೆರೆಯ ಗೋವೆಯ ಮಗಳು ಸುರಶ್ರೀ ಕೇಸರಬಾಯಿ ಕೇರ್ಕರ್ ಅವರ ಗಾಯನವೂ ಇದೆ. 1936 ಮತ್ತು 1937ರಲ್ಲಿ ಇಪ್ಪತ್ತೊಂಬತ್ತು ಹಾಡುಗಳನ್ನು ಮುದ್ರಿಸಿದ ರಾಬರ್ಟ್ ಜಾನ್ಸನ್ ಇಪ್ಪತ್ತೇಳನೆಯ ವಯಸ್ಸಿನಲ್ಲೇ ಗತಿಸಿದನು. 1961ರಲ್ಲಿ ಅವನ ಹಾಡುಗಳು ಮರುಮುದ್ರಣ ಕಂಡು ಸಾಗರದಾಚೆಯ ಇಂಗ್ಲೆಂಡಿನ ತರುಣರ ಕೈಸೇರಿದವು, ಅಲ್ಲಿಂದ ಒಂದು ಯುಗಪಲ್ಲಟವೇ ಆಯಿತು.

ಆ ತರುಣರು ವಿದ್ಯುತ್ ಗಿಟಾರುಗಳ ಸೇನೆಯೊಡನೆ ಹೊರಟ ಹೊಸ ದಿಗ್ವಿಜಯಿಗಳು. ಕ್ರೀಮ್ ತಂಡದ ಎರಿಕ್ ಕ್ಲಾಪ್ಟನ್ 1968ರಲ್ಲಿ ರಾಬರ್ಟ್ ಜಾನ್ಸನ್ನನ ನಾಲ್ಕುದಾರಿಯ ಹಾಡನ್ನು ಮಿಂಚಿನ ವೇಗದಲ್ಲಿ ನುಡಿಸಿದನು. ಏಕಾಂಗಿಯ ಆರ್ತನಾದ ಸಹಸ್ರಾರು ಕಂಠಗಳ ಜಯಘೋಷವಾಗಿ ಮಾರ್ಪಟ್ಟಿತು. ಲೆಡ್ ಝೆಪೆಲಿನ್ ತಂಡ 1971ರಲ್ಲಿ ಮಿಸಿಸಿಪ್ಪಿ ಮಹಾಪ್ರವಾಹದ ಹಳೆಯ ಬ್ಲೂಸಿಗೆ ಗುಡುಗಿನಂಥ ಡ್ರಮ್ ಕೂಡಿಸಿತು. ಈ ಪುನರ್ನಿರ್ಮಾಣಗಳ ಭವ್ಯತೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ವಿಜಯಿಗಳ ನಡತೆ ಎಲ್ಲ ಕಾಲದಲ್ಲೂ ಒಂದೇ. ಅಂಧ ಜಾನ್ಸನ್ನನ ಪಶ್ಚಾತ್ತಾಪದ ಗೀತೆ 1976ರಲ್ಲಿ ಲೆಡ್ ಝೆಪೆಲಿನ್ನರ ಹೆಸರಿನಲ್ಲೇ ಹೊರಬಂತು. 1969ರ ಅವರ ಅತಿಪ್ರಸಿದ್ಧ ಗೀತೆಯೊಂದರಲ್ಲಿ ತನ್ನ ರಚನೆ ಅಡಗಿದೆಯೆಂದು ಬ್ಲೂಸ್ ಕವಿ ವಿಲ್ಲಿ ಡಿಕ್ಸನ್ 1985ರಲ್ಲಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. 1987ರಲ್ಲಿ ವ್ಯಾಜ್ಯ ರಾಜಿಯಲ್ಲಿ ಮುಗಿದ ಮೇಲೆ ಆ ಗೀತೆಗೆ ಅವನ ಹೆಸರು ಸೇರಿತು. ಹದಿನೆಂಟು ವರ್ಷ ಸಂದಿದ್ದವು.

ನಮ್ಮ ದಾಸರೂ ಶರಣರೂ ತತ್ವಪದಕಾರರೂ ಈ ಅಪಹರಣದ ವಿರುದ್ಧ ಎಂದೋ ಒಂದು ರಕ್ಷೆಯನ್ನು ಕಟ್ಟಿದ್ದರು. ಹಾಡಿನ ಕಡೆಯ ನುಡಿಯಲ್ಲಿ ಇಷ್ಟದೈವದ ಅಂಕಿತ ಬರುತ್ತದೆ. ಭಕ್ತನು ತನ್ನ ಹೆಸರನ್ನು ಅಳಿಸಿ ದೇವರ ಹೆಸರನ್ನು ಇಡುತ್ತಾನೆ, ಆ ವಿನಯದಲ್ಲೇ ಅವನ ಕರ್ತೃತ್ವ ಶಾಶ್ವತವಾಗುತ್ತದೆ. ಕಾಗಿನೆಲೆಯ ಆದಿಕೇಶವನನ್ನು ಬಿಟ್ಟು ಕನಕನ ಕೀರ್ತನೆಯನ್ನು ಯಾವ ಗಾಯಕನೂ ತನ್ನದೆನ್ನಲಾರ. ನಮ್ಮ ಮೂಡಣ ನೆರೆಯ ಶಿಶುನಾಳದಲ್ಲಿ 1819ರಲ್ಲಿ ಜನಿಸಿದ ಶರೀಫರು ಇದೇ ಮಾರ್ಗದವರು. ಅವರ ಬಾಲ್ಯದಲ್ಲಿ ಕಿತ್ತೂರು ಕುಸಿಯಿತು, ನಡುವಯಸ್ಸಿನಲ್ಲಿ ನರಗುಂದದ ಬಂಡಾಯ ರಕ್ತದಲ್ಲಿ ಮುಳುಗಿತು. ಅಂಥ ಕಾಲದಲ್ಲಿ ಕಳಸದ ಗೋವಿಂದ ಭಟ್ಟರ ಶಿಷ್ಯರಾದ ಈ ಮುಸಲ್ಮಾನ ಸಂತ ಶಿಶುನಾಳಧೀಶನ ಅಂಕಿತದಲ್ಲಿ ಮನೆ, ಮಾಳಿಗೆ, ತಂಬೂರಿ, ಗುಡುಗುಡಿಗಳನ್ನೇ ವೇದಾಂತವಾಗಿಸಿದರು. 1889ರಲ್ಲಿ ಅವರು ಐಕ್ಯರಾದ ಮೇಲೆ ಧಾರವಾಡ ಸೀಮೆಯ ಭಜನೆಯ ಮೇಳಗಳು ಏಕತಾರಿ, ದಮ್ಮಡಿ, ತಾಳಗಳೊಡನೆ ಆ ಪದಗಳನ್ನು ಕಾಪಾಡಿದವು. ಅನಂತರ ಸಿ. ಅಶ್ವತ್ಥರ ಯುಗ ಬಂತು. ಅವರ ಉದ್ದಾಮ ಕಂಠ ಶರೀಫರನ್ನು ಭಜನೆಯ ಕಟ್ಟೆಯಿಂದ ನಗರದ ವೇದಿಕೆಗೆ ಏರಿಸಿತು; ನಾಗಾಭರಣರ 1990ರ ಚಲನಚಿತ್ರ ಅವರನ್ನು ಕರ್ನಾಟಕದ ಮನೆಮನೆಗೆ ತಲಪಿಸಿತು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರಲ್ಲಿ ಗುಡುಗುಡಿಯ ಪದವನ್ನೂ ಸೋರುವ ಮಾಳಿಗೆಯ ಪದವನ್ನೂ ಗಿಟಾರ್, ಪಿಟೀಲು, ಡ್ರಮ್ಮುಗಳೊಡನೆ ಹೊಸದಾಗಿ ಎತ್ತಿಕೊಂಡರು. ಲುಂಗಿ ಉಟ್ಟು ಗೆಜ್ಜೆ ಕಟ್ಟಿದ ಆ ತಂಡ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಮಹೋತ್ಸವದ ವೇದಿಕೆಯನ್ನೂ ಏರಿತು. ಬ್ಲೂಸನ್ನು ಗೆದ್ದುಕೊಂಡ ದೇಶಕ್ಕೆ ಶಿಶುನಾಳದ ಪದ ಅತಿಥಿಯಾಗಿ ಹೋಯಿತು, ತನ್ನ ಸಂತನ ಹೆಸರಿನೊಡನೆಯೇ ಹೋಯಿತು. ಮಡಿವಂತ ಕಿವಿಗಳಿಗೆ ರಾಕ್‌ನ ಅಬ್ಬರ ಅಪಚಾರವೆನಿಸಬಹುದು. ಮೂಲವನ್ನು ಮರೆಮಾಡುವುದೇ ನಿಜವಾದ ಅಪಚಾರವೆಂದು ನಾನು ಬಗೆಯುತ್ತೇನೆ.

ಸಿದ್ದಿಗಳ ಹಾಡಿಗೆ ಆ ರಕ್ಷೆ ಇರಲಿಲ್ಲ. ಕಟ್ಟಿದವಳು ಯಾರೆಂದು ಪದವೇ ಹೇಳುವುದಿಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ, ಗದ್ದೆಯಿಂದ ಅಂಗಳಕ್ಕೆ ಅದು ದಾಟುತ್ತ ಬಂದಿದೆ. ಹೊರಗಿನ ಲೋಕ ಅವರ ಕಲೆಯತ್ತ ಗೌರವದಿಂದ ತಿರುಗಿದ್ದು ತಡವಾಗಿ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಮಂಚೀಕೇರಿಯ ಸಿದ್ದಿಗಳೊಡನೆ ರಂಗಪ್ರಯೋಗಕ್ಕಿಳಿದು, ನೈಜೀರಿಯದ ಚಿನುವಾ ಅಚಿಬೆಯ ಕಾದಂಬರಿಯನ್ನು ಕನ್ನಡದಲ್ಲಿ ಅವರಿಂದಲೇ ಆಡಿಸಿತು. ಶತಮಾನಗಳ ಹಿಂದೆ ಆಫ್ರಿಕದಿಂದ ಕಿತ್ತು ತಂದ ಜನರ ಸಂತತಿ ಆಫ್ರಿಕದ ಕಥೆಯನ್ನು ಸಹ್ಯಾದ್ರಿಯ ನೆಲದಲ್ಲಿ ನಿಂತು ನುಡಿಯಿತು. ನಮ್ಮ ರಂಗಭೂಮಿಯ ಚರಿತ್ರೆಯಲ್ಲಿ ಇದಕ್ಕಿಂತ ಘನವಾದ ಕ್ಷಣ ವಿರಳ. ಆ ಮಣ್ಣಿನಿಂದಲೇ ಮುಂದಿನ ಪೀಳಿಗೆಯ ನಟನಟಿಯರೂ ಗಾಯಕಿಯರೂ ಎದ್ದುಬಂದರು. 2021ರಲ್ಲಿ ದುನಿಯಾ ವಿಜಯ್ ನಿರ್ದೇಶಿಸಿದ ‘ಸಲಗ’ ಚಲನಚಿತ್ರಕ್ಕಾಗಿ ಸಂಗೀತಕಾರ ಚರಣ್ ರಾಜ್ ಇಂದಿನ ವಾದ್ಯಗಳ ಆರ್ಭಟದ ನಡುವೆ ಸಿದ್ದಿ ಕಂಠಗಳನ್ನು ನಿಲ್ಲಿಸಿದರು. ಕರ್ನಾಟಕದ ಬೀದಿಬೀದಿಯೂ ಆ ಲಯಕ್ಕೆ ಕುಣಿಯಿತು. ಅವರ ಧ್ವನಿಯನ್ನು ಅನುಕರಿಸಲು ನಗರದ ಗಾಯಕರನ್ನು ಕರೆತರುವುದು ಚಿತ್ರರಂಗಕ್ಕೆ ಸುಲಭವಿತ್ತು. ಹಾಗಾಗಲಿಲ್ಲ. ಹಾಡಿದವರು ಗಿರಿಜಾ ಸಿದ್ದಿ, ಗೀತಾ ಸಿದ್ದಿ ಮತ್ತವರ ಸಂಗಡಿಗರು. ಇನ್ನು ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನ ಕೇರಿಗಳಲ್ಲಿ ಢಮಾಮಿಯ ಪದಗಳನ್ನು ಬಲ್ಲ ಹಿರಿಯರು ಬದುಕಿರುವಾಗಲೇ ಪ್ರತಿ ಪದವನ್ನೂ ಹಾಡಿದವರ ಹೆಸರು ಮತ್ತು ಊರಿನ ಸಮೇತ ಮುದ್ರಿಸಿಡುವ ಕಾರ್ಯ ಆಗಬೇಕು. ಅವರ ದುಡಿಮೆಯಿಂದ ಫಲ ಕಂಡ ತೋಟಗಳ ಒಡೆಯರಾದ ನಾವೇ ಅದಕ್ಕೆ ಮೊದಲು ಮುಂದಾಗಬೇಕು.