ಮುಲ್ಕಿ, ಮತದಾರ, ಮನೆಮಗ: ಹೈದರಾಬಾದ್ ರಾಜ್ಯದ ಮೊದಲ ಚುನಾವಣೆ

ಹೈದರಾಬಾದ್ ಸಂಸ್ಥಾನದಲ್ಲಿ ಒಂದು ಊರಿನ ಜನರೆಲ್ಲ ಸೇರಿ ಮತ ಹಾಕಿ ತಮ್ಮವನೊಬ್ಬನನ್ನು ಶಾಸನಸಭೆಗೆ ಕಳಿಸುವ ಅವಕಾಶ 1952ಕ್ಕೆ ಮೊದಲು ಇರಲಿಲ್ಲ. ನಿಜಾಮರ ಆಡಳಿತದಲ್ಲಿ 1893ರಷ್ಟು ಹಿಂದೆಯೇ ಶಾಸನ ಪರಿಷತ್ತು ರೂಪುಗೊಂಡಿದ್ದರೂ ಅದರಲ್ಲಿ ಅಧಿಕಾರಿಗಳದ್ದೇ ಮೇಲುಗೈ. ಉಳಿದ ಕೆಲವೇ ಸ್ಥಾನಗಳು ಜಾಗೀರುದಾರರು, ವಕೀಲರಂಥವರಿಗೆ ಮೀಸಲಾಗಿದ್ದವು. 1937ರಲ್ಲಿ ಅರವಮುದು ಅಯ್ಯಂಗಾರ್ ಅಧ್ಯಕ್ಷತೆಯಲ್ಲಿ ಸುಧಾರಣಾ ಸಮಿತಿ ನೇಮಕವಾಯಿತು. ಅದರ ಶಿಫಾರಸಿನ ಆಧಾರದ ಮೇಲೆ 1939ರಲ್ಲಿ ಪ್ರಕಟವಾದ ಸುಧಾರಣೆಯೂ ಊರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕೃಷಿಕರು, ವರ್ತಕರು, ವಕೀಲರು, ವೈದ್ಯರು ಎಂದು ಕಸುಬಿನ ಪ್ರಕಾರ ಪ್ರಾತಿನಿಧ್ಯ ಹಂಚಿತು. ಹೀಗಾಗಿ ಸದಸ್ಯನಾದವನು ತನ್ನ ವೃತ್ತಿಯ ಪರವಾಗಿ ಮಾತಾಡಬಹುದಿತ್ತೇ ಹೊರತು ರಾಯಚೂರಿನ ಪರವಾಗಿಯೋ ಬೀದರಿನ ಪರವಾಗಿಯೋ ಅಲ್ಲ.

ಆದರೆ ‘ಇಲ್ಲಿಯವರು ಯಾರು’ ಎಂಬ ಪ್ರಶ್ನೆ ಸಂಸ್ಥಾನಕ್ಕೆ ಹೊಸದಾಗಿರಲಿಲ್ಲ. ಉತ್ತರ ಭಾರತದಿಂದ ಬಂದವರು ದೊಡ್ಡ ಹುದ್ದೆಗಳನ್ನು ಹಿಡಿಯುತ್ತಿದ್ದಾರೆಂಬ ಅಸಮಾಧಾನ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಇತ್ತು. 1919ರ ಫರ್ಮಾನು ಸಂಸ್ಥಾನದ ನಿವಾಸಿಯಾದ ‘ಮುಲ್ಕಿ’ ಯಾರೆಂದು ನಿಗದಿಪಡಿಸಿತು. ಹೊರಗಿನಿಂದ ಬಂದವನು ಹದಿನೈದು ವರ್ಷ ಇಲ್ಲಿ ನೆಲೆಸಿ, ಹುಟ್ಟೂರಿಗೆ ಮರಳುವ ವಿಚಾರ ಬಿಟ್ಟಿದ್ದೇನೆಂದು ಪ್ರಮಾಣ ಮಾಡಿದರೆ ಮುಲ್ಕಿ ಎನಿಸುತ್ತಿದ್ದ. ಈ ನಿಯಮ ಸರ್ಕಾರಿ ನೌಕರಿಗೆ ಸಂಬಂಧಿಸಿದ್ದು. ಜನರ ಪ್ರತಿನಿಧಿ ಯಾರಾಗಬೇಕೆಂಬುದು ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ರಾಜ್ಯ ಮೊದಲು ಜನರಲ್ ಜೆ. ಎನ್. ಚೌಧರಿಯವರ, 1950ರಿಂದ ಐಸಿಎಸ್ ಅಧಿಕಾರಿ ಎಂ. ಕೆ. ವೆಲ್ಲೋಡಿಯವರ ಆಡಳಿತದಲ್ಲಿತ್ತು. ಅದೇ ಹೊತ್ತಿಗೆ ಜಾರಿಗೆ ಬಂದ ಪ್ರಜಾಪ್ರಾತಿನಿಧ್ಯ ಕಾಯ್ದೆಗಳು ‘ಇಲ್ಲಿಯವರು’ ಎಂಬುದಕ್ಕೆ ಬೇರೆಯೇ ಅಳತೆ ತಂದವು. 21 ವರ್ಷ ತುಂಬಿ, 180 ದಿನ ಒಂದೆಡೆ ವಾಸವಿದ್ದರೆ ಮತದಾರರ ಪಟ್ಟಿಗೆ ಸೇರಬಹುದಿತ್ತು. ವಿಧಾನಸಭೆಗೆ ನಿಲ್ಲುವವರು ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರರಾಗಿದ್ದರೆ ಸಾಕು. ನಿಂತ ಕ್ಷೇತ್ರದವರೇ ಆಗಬೇಕಿರಲಿಲ್ಲ. ಠೇವಣಿ 250 ರೂಪಾಯಿ, ಪರಿಶಿಷ್ಟರಿಗೆ 125. ಹೊರಗಿನವರೋ ಒಳಗಿನವರೋ ಎಂಬ ತೀರ್ಮಾನವನ್ನು ಕಾನೂನು ಮತದಾರರಿಗೇ ಬಿಟ್ಟಿತು.

ಹದಿನಾರು ಜಿಲ್ಲೆಗಳ ರಾಜ್ಯದಲ್ಲಿ ತೆಲುಗಿನವು ಎಂಟು, ಮರಾಠಿಯವು ಐದು. ರಾಯಚೂರು, ಗುಲ್ಬರ್ಗ, ಬೀದರ್ ಕನ್ನಡದವು. ಒಟ್ಟು 175 ಸ್ಥಾನಗಳು. ನೂರಕ್ಕೆ ಹತ್ತು ಮಂದಿಗೂ ಅಕ್ಷರ ಬಾರದ ನಾಡಿನಲ್ಲಿ ಮತದಾನದ ವಿಧಾನ ಸರಳವಾಗಿತ್ತು. ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಉಕ್ಕಿನ ಪೆಟ್ಟಿಗೆ, ಅದರ ಮೇಲೆ ಅಂಟಿಸಿದ ಚಿಹ್ನೆ: ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳಿಗೆ ಆಲದ ಮರ. ಮತದಾರ ಮರೆಯಲ್ಲಿ ನಿಂತು, ಒಂದು ರೂಪಾಯಿ ನೋಟಿನಷ್ಟಿದ್ದ ಚೀಟಿಯನ್ನು ಗುರುತೇನೂ ಹಾಕದೆ ತನಗೆ ಬೇಕಾದವರ ಪೆಟ್ಟಿಗೆಗೆ ಇಳಿಬಿಡುತ್ತಿದ್ದ. ಚುನಾವಣಾ ಆಯೋಗ ಒಪ್ಪಿದ ಪೆಟ್ಟಿಗೆಗಳಲ್ಲಿ ಹೈದರಾಬಾದಿನ ಆಲ್ವಿನ್ ಕಾರ್ಖಾನೆಯದ್ದೂ ಒಂದು.

ಕಾಂಗ್ರೆಸ್ 93 ಸ್ಥಾನ ಗೆದ್ದು, ಬೂರ್ಗುಲ ರಾಮಕೃಷ್ಣ ರಾವ್ ಮುಖ್ಯಮಂತ್ರಿಯಾದರು. ನಿಷೇಧಕ್ಕೊಳಗಾಗಿದ್ದ ಕಮ್ಯುನಿಸ್ಟರು ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟ್ ಹೆಸರಿನಲ್ಲಿ ನಿಂತು 42 ಸ್ಥಾನ ಪಡೆದರು. ಊರಿನ ಬಲ ಎಷ್ಟೆಂಬುದನ್ನು ತೋರಿಸಿದವರು ರಾವಿ ನಾರಾಯಣ ರೆಡ್ಡಿ. ಭುವನಗಿರಿ ಸೀಮೆಯ ಬೊಲ್ಲೇಪಲ್ಲಿಯವರಾದ ಅವರು ಅದೇ ಸೀಮೆಯ ರೈತ ಹೋರಾಟದಿಂದ ಬೆಳೆದವರು. ನಲ್ಗೊಂಡ ಲೋಕಸಭಾ ಕ್ಷೇತ್ರದಲ್ಲಿ ಅವರಿಗೆ ಬಿದ್ದ ಮತ ನೆಹರೂ ಅವರಿಗೆ ತಮ್ಮ ಕ್ಷೇತ್ರದಲ್ಲಿ ಸಿಕ್ಕಿದ್ದಕ್ಕಿಂತ ಹೆಚ್ಚು. ಕನ್ನಡ ಭಾಗದ ಕುಷ್ಟಗಿಯಿಂದ ಅಳವಂಡಿಯ ಶಿವಮೂರ್ತಿ ಸ್ವಾಮಿಗಳು ಪಕ್ಷೇತರರಾಗಿಯೇ ಲೋಕಸಭೆಗೆ ಗೆದ್ದರು.

ರಾಜಧಾನಿಯಲ್ಲಿ ಚಿತ್ರ ಬೇರೆಯಿತ್ತು. ನಾಲ್ಕು ಭಾಷೆಗಳ ಜನ ತಲೆಮಾರುಗಳಿಂದ ಕೂಡಿ ಬಾಳಿದ ನಗರವದು. ಮುಷೀರಾಬಾದ್ ಕ್ಷೇತ್ರದಿಂದ ಕಾಂಗ್ರೆಸ್ಸಿನ ಡಾ. ಜಿ. ಎಸ್. ಮೇಲುಕೋಟೆ ಆರಿಸಿಬಂದರು. ಕನ್ನಡ ಮನೆತನದ ಅವರು ಹುಟ್ಟಿದ್ದು 1901ರಲ್ಲಿ, ಇಂದಿನ ಒಡಿಶಾದ ಬರ್ಹಾಂಪುರದಲ್ಲಿ. ವೈದ್ಯರಾಗಿ, ಸ್ಟೇಟ್ ಕಾಂಗ್ರೆಸ್ ಹೋರಾಟಗಾರರಾಗಿ ಹೈದರಾಬಾದಿನವರೇ ಆಗಿಹೋಗಿದ್ದರು. ಬೂರ್ಗುಲ ಸಂಪುಟದಲ್ಲಿ ಹಣಕಾಸು ಸಚಿವರಾದರು. ಊರಿನವರೆನಿಸಲು ಅಲ್ಲೇ ಹುಟ್ಟಬೇಕಿಲ್ಲ, ಅಲ್ಲಿಯ ಜನರ ನಡುವೆ ದುಡಿದಿರಬೇಕು ಎಂಬುದಕ್ಕೆ ಅವರ ಗೆಲುವು ಒಳ್ಳೆಯ ಉದಾಹರಣೆ.

ನೌಕರಿಯ ವಿಷಯದಲ್ಲಿ ಮಾತ್ರ ಈ ಔದಾರ್ಯ ಕಾಣಲಿಲ್ಲ. ವೆಲ್ಲೋಡಿ ಕಾಲದಲ್ಲಿ ಹೊರ ರಾಜ್ಯಗಳಿಂದ ಬಂದು ಸೇರಿದ ನೌಕರರ ವಿರುದ್ಧ 1952ರಲ್ಲಿ ಮುಲ್ಕಿ ಚಳವಳಿ ಎದ್ದಿತು. ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಸಿಟಿ ಕಾಲೇಜಿನ ಬಳಿ ಪೊಲೀಸರು ಗುಂಡು ಹಾರಿಸಿದರು. ಚುನಾಯಿತ ಸರ್ಕಾರಕ್ಕೆ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ.

1956ರ ನವೆಂಬರ್ 1ರಂದು ರಾಜ್ಯ ಮೂರು ಪಾಲಾಯಿತು. ಕನ್ನಡ ಜಿಲ್ಲೆಗಳ ಶಾಸಕರು ಮೈಸೂರು ವಿಧಾನಸಭೆಯ ಸದಸ್ಯರಾದರು. ಮರುವರ್ಷದ ಚುನಾವಣೆಯಲ್ಲಿ, ಉಸ್ಮಾನಿಯಾದಲ್ಲಿ ಕಾನೂನು ಓದಿದ್ದ ವೀರೇಂದ್ರ ಪಾಟೀಲರು ಹುಟ್ಟೂರು ಚಿಂಚೋಳಿಯಿಂದ ಗೆದ್ದರು, 1968ರಲ್ಲಿ ಮುಖ್ಯಮಂತ್ರಿಯಾದರು. ಅದೇ 1957ರಲ್ಲಿ ಮೇಲುಕೋಟೆಯವರು ರಾಯಚೂರಿನಿಂದ ಲೋಕಸಭೆಗೆ ಹೋದರು, 1962ರಿಂದ ಹೈದರಾಬಾದನ್ನು ಪ್ರತಿನಿಧಿಸಿದರು. 1971ರಲ್ಲಿ ಅವರು ಗೆದ್ದದ್ದು ತೆಲಂಗಾಣ ಪ್ರಜಾ ಸಮಿತಿಯಿಂದ. ಸ್ಥಳೀಯರ ಹಕ್ಕಿನ ಹೆಸರಿನಲ್ಲಿ ಪ್ರತ್ಯೇಕ ತೆಲಂಗಾಣ ರಾಜ್ಯ ಕೇಳಿದ ಪಕ್ಷವದು. ಹೊರಗೆ ಹುಟ್ಟಿದ ಕನ್ನಡಿಗರೊಬ್ಬರನ್ನು ಆ ಬೇಡಿಕೆಯ ದನಿಯಾಗಿ ದೆಹಲಿಗೆ ಕಳಿಸಲು ಹೈದರಾಬಾದಿನ ಮತದಾರರು ಹಿಂಜರಿಯಲಿಲ್ಲ.

ಮುಲ್ಕಿ ನಿಯಮ 1973ರಲ್ಲಿ ರದ್ದಾಗಿ, ಸಂವಿಧಾನದ 371ಡಿ ವಿಧಿ ಆಂಧ್ರಪ್ರದೇಶದಲ್ಲಿ ಸ್ಥಳೀಯ ಮೀಸಲಾತಿಗೆ ಹೊಸ ಆಧಾರ ಒದಗಿಸಿತು. ಹಳೆಯ ಸಂಸ್ಥಾನದ ಕನ್ನಡ ಭಾಗಕ್ಕೆ ಅಂಥದೇ ರಕ್ಷಣೆ 371ಜೆ ಮೂಲಕ ಸಿಕ್ಕಿದ್ದು 2012ರ 98ನೆಯ ತಿದ್ದುಪಡಿಯಿಂದ. ಎರಡೂ ವಿಧಿಗಳ ಸ್ಥಳೀಯ ಮೀಸಲಾತಿ ಶಿಕ್ಷಣ ಮತ್ತು ಉದ್ಯೋಗಕ್ಕೆ ಸೀಮಿತ. ವಿಧಾನಸಭೆಯ ಸಾಮಾನ್ಯ ಸ್ಥಾನಕ್ಕೆ ಇಂದಿಗೂ ರಾಜ್ಯದ ಯಾವ ಮತದಾರನಾದರೂ ಎಲ್ಲಿಂದಲಾದರೂ ನಿಲ್ಲಬಹುದು. ಅವನು ಮನೆಮಗನೇ ಎಂಬುದನ್ನು ತೀರ್ಮಾನಿಸುವವರು ಕ್ಷೇತ್ರದ ಜನ.